ಬಟ್ ನಂಬರ್ ನಲವತ್ತೇಳು

ಅಪ್ಪ ರಜೆಯ ಮೇಲೆ ಊರಿಗೆ ಬಂದ ಮೊದಲ ಎರಡು ದಿನ ಅವನ ಅಂಗೈಯಲ್ಲಿ ಬಂದೂಕಿನ ವಾಸನೆ ಇರುತ್ತಿತ್ತು. ಅಗಸೆ ಎಣ್ಣೆ ಕುಡಿದ ಮರದ ವಾಸನೆ, ಅದರೊಳಗೆ ಸಣ್ಣಗೆ ಕಬ್ಬಿಣ. ಮೂರನೇ ದಿನ ಅವ್ವ ಹರಳೆಣ್ಣೆ ತಿಕ್ಕಿ ಸೀಗೆಪುಡಿ ಹಾಕಿ ನೀರೆರೆದ ಮೇಲೆ ಅದು ಹೋಗುತ್ತಿತ್ತು. ಹೇಮಶ್ರೀ ಅವನ ತೊಡೆ ಏರುತ್ತಿದ್ದದ್ದು ಆಮೇಲೆಯೇ. ಮೂವತ್ತು ವರ್ಷ ಕಳೆದು, ಕಡಲಾಚೆಯ ಲಿವರ್‌ಮೋರಿನ ಬಂದೂಕಿನಂಗಡಿಯ ಬಾಗಿಲು ತಳ್ಳಿದ ಕೂಡಲೇ ಅದೇ ವಾಸನೆ ಮೂಗಿಗೆ ಬಡಿದು ಅವಳು ಹೊಸ್ತಿಲಲ್ಲೇ ನಿಂತಳು.

"ಒಳಗೆ ಬನ್ನಿ, ಯಾವುದೂ ಕಚ್ಚೋದಿಲ್ಲ," ಎಂದು ಕೌಂಟರಿನ ಹಿಂದಿನಿಂದ ಬಿಳಿ ಮೀಸೆಯ ಮನುಷ್ಯ ಕರೆದ. ಅಂಗಿಯ ಮೇಲೆ ವಾಲ್ಟರ್ ಎಂದು ಹೊಲಿದಿತ್ತು. "ಜಿಂಕೆ ಬೇಟೆಗೋ, ಗುರಿ ಹೊಡೆಯೋದಕ್ಕೋ?"

"ಎರಡಕ್ಕೂ ಅಲ್ಲ. ನಮ್ಮ ತಂದೆಗೆ. ಅವರು ಇಂಡಿಯಾದಲ್ಲಿ ಸೈನ್ಯದಲ್ಲಿದ್ದರು," ಎಂದು ಹೇಮಶ್ರೀ ಪರ್ಸಿನಿಂದ ಫೋಟೋ ತೆಗೆದಿಟ್ಟಳು. ಎಪ್ಪತ್ತೊಂದರ ಯುದ್ಧಕ್ಕೆ ಹೊರಡುವ ಮುಂಚಿನದು. ಅಪ್ಪ, ಆಗಿನ ನಾಯಕ್ ದೇವರಾಜು, ಬಂದೂಕನ್ನು ಎದೆಗಡ್ಡ ಹಿಡಿದು ನಿಂತಿದ್ದ. "ಇಂಥದ್ದೇ ಬೇಕು."

ವಾಲ್ಟರ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. ಆ ಮಾದರಿಯನ್ನು ಈ ರಾಜ್ಯದಲ್ಲಿ ಮಾರುವಂತಿಲ್ಲ ಎಂದ. ಅವಳ ಮುಖ ನೋಡಿ, ಕುಂಟುತ್ತ ಹಿಂದಕ್ಕೆ ಹೋಗಿ ಇನ್ನೊಂದನ್ನು ತಂದ. "ಇದು ನಮ್ಮ ಸೈನ್ಯದ ಹಳೇ ಬಂದೂಕಿನ ಮಾದರಿಯಲ್ಲೇ ಮಾಡಿರೋದು. ಅದು ಬೇಕೆಂದರೆ ಒಂದೇ ಸಮ ಹಾರಿಸುತ್ತಿತ್ತು. ಇದು ಕುದುರೆ ಎಳೆದಷ್ಟು ಸಲ ಒಂದೊಂದೇ. ಮರ ಅದೇ, ತೂಕ ಅದೇ. ನಿಮ್ಮಪ್ಪ ಹೊತ್ತಿದ್ದಕ್ಕೆ ಇದು ತಮ್ಮ ಅಲ್ಲ, ಆದರೆ ಅದೇ ಕೇರಿಯ ಹುಡುಗ ಅನ್ನಿ."

ಅವಳು ಫಾರ್ಮು ತುಂಬಿದಳು. ಹತ್ತು ದಿನ ಕಾಯಬೇಕು, ಅದು ಕಾನೂನು ಎಂದು ವಾಲ್ಟರ್ ಹೇಳಿದಾಗ ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದಳು. ಹತ್ತನೆಯದು ಶನಿವಾರ ಬೀಳುತ್ತಿತ್ತು. ಅದಾದ ಸೋಮವಾರ ಅಪ್ಪನನ್ನು ಹೇವರ್ಡಿನ ವೃದ್ಧಾಶ್ರಮಕ್ಕೆ ಸೇರಿಸುವುದೆಂದು ಆಗಿತ್ತು. ನಡುವೆ ಅವಳಿಗೆ ಒಂದು ದಿನ ಉಳಿಯುತ್ತಿತ್ತು.

ಅವ್ವ ತೀರಿಕೊಂಡ ಮೇಲೆ ಅಪ್ಪ ಪ್ಲೆಸೆಂಟನ್ನಿನ ಅವಳ ಮನೆಗೆ ಬಂದು ಎರಡು ವರ್ಷವಾಗಿತ್ತು. ಮೊದಲು ಮರೆತದ್ದು ಹಲ್ಲುಜ್ಜುವ ಬ್ರಶ್ಶಿನ ಬಣ್ಣ. ಆಮೇಲೆ ಬಾತ್‌ರೂಮಿನ ದಾರಿ, ಅವ್ವ ತೀರಿಕೊಂಡದ್ದು. ಈ ಬೇಸಿಗೆಯಲ್ಲಿ ಬೆಳಗಿನ ಹುಡುಕಾಟ ಶುರುವಾಯಿತು. ಬೆಳಕು ಹರಿಯುವಾಗ ಎದ್ದು, ಹೊದಿಕೆಯನ್ನು ಒಂದು ಸುಕ್ಕಿಲ್ಲದಂತೆ ಮಡಿಸಿಟ್ಟು, ಅವನು ಮಂಚದ ಕೆಳಗೆ, ಕ್ಲಾಸೆಟ್ಟಿನಲ್ಲಿ, ಗರಾಜಿನ ವಾಟರ್ ಹೀಟರಿನ ಹಿಂದೆ ಹುಡುಕುತ್ತಿದ್ದ. "ನಲವತ್ತೇಳು ಎಲ್ಲಿ? ನಲವತ್ತೇಳು ಕೋತ್‌ಗೆ ಬಂದಿಲ್ಲ."

ಕೋತ್ ಎಂದರೆ ಪಲ್ಟನ್ನಿನಲ್ಲಿ ಬಂದೂಕುಗಳನ್ನಿಡುವ ಕೋಣೆ. ಚಿಕ್ಕಂದಿನಲ್ಲಿ ಅಪ್ಪನೇ ಹೇಳಿದ್ದ: ಒಂದೊಂದು ಬಂದೂಕಿನ ಹಿಂಬದಿಯ ಮರಕ್ಕೂ ಒಂದು ನಂಬರ್ ಬರೆದಿರುತ್ತಾರೆ, ಅದೇ ಬಟ್ ನಂಬರ್. ಸಂಜೆ ಎಣಿಸುವಾಗ ಒಂದು ಕಡಿಮೆ ಬಂದರೂ ಅದು ಸಿಗುವ ತನಕ ಯಾರಿಗೂ ಊಟವಿಲ್ಲ, ನಿದ್ದೆಯಿಲ್ಲ. ಹಾಗಾಗಿ ಹೇಮಶ್ರೀಗೆ ಅರ್ಥ ಹುಡುಕಬೇಕಾಗಿರಲಿಲ್ಲ. ಅಪ್ಪ ತನ್ನ ಬಂದೂಕು ಕಳೆದುಕೊಂಡಿದ್ದಾನೆ.

ಮನೆಯೊಳಗೆ ಸಿಗದಿದ್ದಾಗ ಅವನು ಹೊರಗೆ ಹೊರಟ. ಮೂರನೇ ಸಲ ಸಿಕ್ಕಿದ್ದು ಐನೂರ ಎಂಬತ್ತರ ಫ್ರೀವೇಯ ಅಂಚಿನಲ್ಲಿ, ಲಾರಿಗಳ ಗಾಳಿಗೆ ಪಂಚೆ ಹಾರುತ್ತಿದ್ದಾಗ. ಕರೆತಂದ ಪೊಲೀಸಿನವನು ಎಳೆಯ ವಯಸ್ಸಿನವನು. ಕಾರಿನಿಂದ ಬಾಗಿಲವರೆಗೆ ಅಪ್ಪನ ಕೈ ಹಿಡಿಯದೆ, ಅವನ ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು ಪಕ್ಕದಲ್ಲಿ ನಡೆದುಬಂದಿದ್ದ.

"ಇನ್ನೊಂದ್ಸಲ ಆದ್ರೆ ಪೊಲೀಸ್ ಮನೆಗೆ ಕರ್ಕೊಂಡ್ ಬರಲ್ಲ ಹೇಮ, ಆಸ್ಪತ್ರೆಗೆ ಕರೀತಾರೆ ನಮ್ಮನ್ನ," ಎಂದಿದ್ದ ಗಂಡ ಜಗನ್. ಅವನ ಕಂಪನಿ ಇನ್ನೇನು ಐಪಿಓ ಮಾಡಿ ಷೇರು ಪೇಟೆಗೆ ಇಳಿಯುವುದರಲ್ಲಿತ್ತು. ಅಂಥದ್ದರಲ್ಲೂ ಮೂರು ಸಲವೂ ಮೀಟಿಂಗು ಬಿಟ್ಟು ಬಂದು ಬೀದಿ ಬೀದಿ ಹುಡುಕಿದವನು ಅವನೇ. ವೃದ್ಧಾಶ್ರಮದ ಬಾಗಿಲಿಗೆ ನಂಬರಿನ ಬೀಗವಿತ್ತು. ಜನ ಒಳ್ಳೆಯವರು. ಆದರೆ ಅವರು ತುಂಬಿಕೊಂಡ ಹಾಳೆಯಲ್ಲಿ ಭಾಷೆ ಎಂಬಲ್ಲಿ 'ಇಂಡಿಯನ್' ಎಂದಿತ್ತು. ಅಲ್ಲಿ ಅಪ್ಪ ನೀರು ಕೇಳಿದರೆ ತಿಳಿಯುವವರು ಒಬ್ಬರೂ ಇರಲಿಲ್ಲ.

"ಅವ್ರ ಬಂದೂಕು ಅವ್ರಿಗೆ ಸಿಕ್ಕಿದ್ರೆ ಹುಡುಕೋದು ನಿಲ್ಲುತ್ತೆ ಅಲ್ವಾ?" ಎಂದು ಅಂಗಡಿಗೆ ಹೋಗುವ ಮುಂಚೆ ಅವಳು ಕೇಳಿದಾಗ ಜಗನ್ ಚಮಚ ಕೆಳಗಿಟ್ಟಿದ್ದ.

"ಗನ್ನು ತಗೋತೀಯಾ? ನೀನು? ಜಿರಲೆ ಕಂಡ್ರೆ ಕುರ್ಚಿ ಹತ್ತೋಳು."

"ಅದು ಹಾರದ ಹಾಗೆ ಮಾಡ್ಸ್ತೀನಿ. ನಿಲ್ಲದಿದ್ರೆ ಸೋಮವಾರ ನಾನೇ ಡ್ರೈವ್ ಮಾಡ್ಕೊಂಡ್ ಹೋಗಿ ಬಿಟ್ಟು ಬರ್ತೀನಿ. ನಿಂತ್ರೆ ಇಲ್ಲೇ ಇರ್ಲಿ. ಅಷ್ಟು ಮಾತು ಕೊಡು."

ಜಗನ್ ಚಮಚವನ್ನು ಮತ್ತೆ ಕೈಗೆತ್ತಿಕೊಂಡ. "ಆಯ್ತು. ಟ್ರೈ ಮಾಡು," ಎಂದ.

ಹತ್ತು ದಿನ ಅವಳು ಆಫೀಸಿಗೆ ರಜೆ ಹಾಕಿ ಬೆಳಗ್ಗೆ ಬಾಗಿಲಿಗಡ್ಡ ಕುರ್ಚಿ ಹಾಕಿಕೊಂಡು ಕೂತಳು. "ಬರ್ತಾ ಐತೆ ಅಪ್ಪ, ಶನಿವಾರ ಬತ್ತದೆ" ಎಂದು ದಿನವೂ ಹೇಳಿದಳು. ಅಪ್ಪ ದಿನವೂ ಹೊಸದಾಗಿ ಕೇಳಿಸಿಕೊಂಡ.

ಶನಿವಾರ ವಾಲ್ಟರ್ ಬಂದೂಕನ್ನು ಬಿಚ್ಚಿ ಗುಂಡು ಹಾರದಂತೆ ಒಳಗಿನ ಫೈರಿಂಗ್ ಪಿನ್ ತೆಗೆದು, ಒಂದು ಲಕೋಟೆಗೆ ಹಾಕಿ, ಮೇಲೆ ಅವಳ ಹೆಸರನ್ನು ಕೇಳಿ ಕೇಳಿ ಅಕ್ಷರ ತಪ್ಪಿಲ್ಲದೆ ಬರೆದ. ಬಟ್ ನಂಬರಿನ ವಿಷಯ ತಿಳಿದು ಬಿಳಿ ಬಣ್ಣದ ಡಬ್ಬಿಯನ್ನೂ ಸಣ್ಣ ಕುಂಚವನ್ನೂ ತಂದುಕೊಟ್ಟ. ಹೊಸ ಮರದ ಮೇಲೆ ಹೇಮಶ್ರೀ ನಾಲ್ಕು, ಏಳು ಎಂದು ಬರೆಯುವಾಗ, ಬಂದೂಕು ಅಲುಗದಿರಲೆಂದು ಅವನೇ ಅದನ್ನು ಒತ್ತಿಹಿಡಿದುಕೊಂಡಿದ್ದ. ಒಣಗಲೆಂದು ಊದಿದವನೂ ಅವನೇ.

ಮಧ್ಯಾಹ್ನ ಅಪ್ಪ ಹಿತ್ತಿಲ ಪ್ಯಾಟಿಯೋದಲ್ಲಿ ಕೂತಿದ್ದ. ಮುಂದೆ ಮೇಜಿನ ಮೇಲೆ ಸ್ಟೀಲ್ ತಟ್ಟೆಯಲ್ಲಿ ಮುದ್ದೆ, ಬಸ್ಸಾರು. ಮುಟ್ಟಿರಲಿಲ್ಲ.

"ಉಣ್ಣಪ್ಪ, ಆರೋಯ್ತದೆ."

"ನಲವತ್ತೇಳು ಬಂದಿಲ್ಲ. ಉಣ್ಣು ಅಂದ್ರೆ ಹೆಂಗುಣ್ಣದು?"

ಅವಳು ಬೆಡ್‌ಶೀಟಿನಲ್ಲಿ ಸುತ್ತಿದ್ದನ್ನು ತಂದು ಬಿಚ್ಚಿದಳು. ಗಾಜಿನ ಬಾಗಿಲಿನ ಒಳಗೆ ಜಗನ್ ಬಂದು ನಿಂತ. ಅಪ್ಪ ಎದ್ದು ಎರಡೂ ಕೈ ಚಾಚಿದ. ಅಂಗಿಯ ಗುಂಡಿ ಹಾಕಲು ಬಾರದೆ ಒದ್ದಾಡುವ ಆ ಕೈಗಳು ಬಂದೂಕನ್ನು ತೆಗೆದುಕೊಂಡು, ಮೂತಿ ಆಕಾಶಕ್ಕೆ ಮಾಡಿ, ಬೋಲ್ಟ್ ಎಳೆದು, ಗುಂಡಿಲ್ಲವೆಂದು ನೋಡಿ, ಮುಚ್ಚಿದವು. ಎಲ್ಲಿಯೂ ತಡವರಿಸಲಿಲ್ಲ. ಹೇಮಶ್ರೀ ಜಗನ್ ಕಡೆ ನೋಡಿದಳು. ಅವನು ಒಪ್ಪಿದವನಂತೆ ಸಣ್ಣಗೆ ತಲೆಯಾಡಿಸಿದ.

"ಹಿಡಿ ಬ್ಯಾರೆ ಹಾಕವ್ರೆ," ಎಂದ ಅಪ್ಪ. "ವರ್ಕ್‌ಶಾಪಿಗೆ ಹೋಗ್ ಬಂದದೆ." ಹೆಬ್ಬೆರಳು ಮರದ ಮೇಲೆ ಜಾರುತ್ತ ಬಂದು ಬಿಳಿ ಅಂಕಿಯ ಮೇಲೆ ನಿಂತಿತು. "ನಲವತ್ತೇಳು."

"ಹೂಂ ಅಪ್ಪ. ಸಿಕ್ತಲ್ಲ. ಇನ್ ಹುಡುಕದು ಬ್ಯಾಡ."

"ಇವನೆಲ್ಲಿ?"

"ಯಾರು?"

"ಶರಣಪ್ಪ."

ಆ ಹೆಸರನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಇದು ನಿನ್ ಬಂದೂಕು ಕಣಪ್ಪ. ನಲವತ್ತೇಳು ನಿಂದೇ ಅಲ್ವಾ?"

"ನಂದು ಹನ್ನೆರಡು. ನಂದು ಕೋತ್‌ನಾಗೆ ಅವತ್ತೇ ಕೊಟ್ಟಾಯ್ತು. ಇದು ಶರಣಪ್ಪಂದು." ಅವನು ಬಂದೂಕನ್ನು ತಿರುಗಿಸಿ ಇನ್ನೊಂದು ಬದಿ ನೋಡಿದ, ಅಲ್ಲಿ ಬೇರೆ ನಂಬರ್ ಇರಬಹುದೆಂಬಂತೆ. "ಹೊಳೆ ದಾಟೋವಾಗ ನನ್ ಹಿಂದ್ಗಡೇನೆ ಇದ್ದ. ಬಾದಾಮಿ ಕಡೆಯೋನು, ಈಜು ಬರಾಕಿಲ್ಲ. ನೀ ನಡಿ ಹವಾಲ್ದಾರ, ನಾ ಬರ್ತೀನಿ ಅಂದ. ನಾನಾಗ ಹವಾಲ್ದಾರನೂ ಅಲ್ಲ, ಚೇಷ್ಟೆಗೆ ಹಂಗನ್ನೋನು." ತುಟಿ ನಗಲು ಹೊರಟು ಅಲ್ಲೇ ನಿಂತಿತು. "ಬಂದೂಕು ಬಿಟ್ಟು ಬರೋ ಆಸಾಮಿ ಅಲ್ಲ ಅವ್ನು. ಬಂದೂಕು ಒಂದೇ ಬಂತಾ?"

ನಲವತ್ತೇಳು ಸಿಗದೆ ಇದ್ದಷ್ಟು ದಿನ ಅಪ್ಪನ ಪಾಲಿಗೆ ಶರಣಪ್ಪ ಎಲ್ಲೋ ದಾರಿಯಲ್ಲಿದ್ದ. ಬೆಳಗಾದರೆ ಹುಡುಕಿಕೊಂಡು ಹೋಗಬಹುದಿತ್ತು. ಈಗ ಹೇಮಶ್ರೀ ಬಂದೂಕೊಂದನ್ನೇ ತಂದು ಅಪ್ಪನ ಕೈಯಲ್ಲಿಟ್ಟಿದ್ದಳು.

"ಹಿಂದೆ ಬರ್ತಾವ್ರೆ ಅಪ್ಪ," ಎಂದಳು. "ಬಂದೇ ಬಿಡ್ತಾರೆ."

"ಸಮಾಧಾನಕ್ಕೆ ಹೇಳಬ್ಯಾಡಿ."

ಅವಳು ಹುಟ್ಟಿದಂದಿನಿಂದ ಅಪ್ಪ ಅವಳನ್ನು ಬಹುವಚನದಲ್ಲಿ ಕರೆದಿರಲಿಲ್ಲ. ಅವನು ಅವಳ ಮುಖವನ್ನು ದಿಟ್ಟಿಸಿ ನೋಡುತ್ತಿದ್ದ. ಕಣ್ಣುಗಳು ತಿಳಿಯಾಗಿದ್ದವು, ಎಷ್ಟೋ ತಿಂಗಳಿಂದ ಅವು ಅಷ್ಟು ತಿಳಿಯಾಗಿದ್ದದ್ದನ್ನು ಅವಳು ಕಂಡಿರಲಿಲ್ಲ.

"ನೀವು ಅವನ ತಂಗಿ ಅಲ್ವರಾ? ಬಂಗಾರೆವ್ವ. ನಿಮಗೆ ಕಾಗದ ಬರೀತಿದ್ದೋನು ನಾನೇ ಕಣವ್ವ. ಅವನಿಗೆ ಅಕ್ಷರ ಬರಾಕಿಲ್ಲ. ಹಬ್ಬಕ್ಕೆ ಬರ್ತೀನಿ, ಎಮ್ಮೆ ಮಾರಬ್ಯಾಡ ಅಂತ ಅವ್ನು ಬರ್ಸಿದ್ದ ಕಾಗದಾನೂ ನಾನೇ ಬರ್ದಿದ್ದೆ."

"ಅಪ್ಪ, ನಾನು ಹೇಮ. ನಿನ್ ಮಗಳು ಹೇಮ."

ದುಃಖದಲ್ಲಿರುವವರು ಏನೇನೋ ಆಡುತ್ತಾರೆ, ಅವರ ಮಾತಿಗೆ ಎದುರಾಡಬಾರದು ಎಂಬಂತೆ ಅವನು ತಲೆದೂಗಿದ. "ಕೂತ್ಕಳಿ. ದೂರದಿಂದ ಬಂದಿದೀರಿ," ಎಂದು ತನ್ನ ಕುರ್ಚಿಯನ್ನೇ ಎಳೆದುಕೊಟ್ಟ. ಅವಳು ಕೂತಳು. ಅವನು ಪಕ್ಕದಲ್ಲಿ ನಿಂತ. ಬಂದೂಕನ್ನು ಮೆಲ್ಲನೆ, ಸದ್ದಾಗದಂತೆ ಗೋಡೆಗೆ ಒರಗಿಸಿದ. "ನಾನು ಹಿಂದಕ್ಕೆ ತಿರುಗಿ ನೋಡ್ಬೇಕಾಗಿತ್ತು ಕಣವ್ವ. ನೋಡ್ನಿಲ್ಲ. ಬರ್ತಾವ್ನೆ ಅಂದ್ಕಂಡೆ."

ಗಾಜಿನ ಬಾಗಿಲ ಹತ್ತಿರ ಜಗನ್ ಇರಲಿಲ್ಲ. ಒಳಗಿನಿಂದ ಅವನ ದನಿ ತಗ್ಗಿ ಕೇಳಿಸಿತು. "ಯೆಸ್, ಮಂಡೇ. ಹತ್ತು ಗಂಟೆಗೆ. ನೋ, ನೋ ಚೇಂಜ್." ಆಮೇಲೆ ಫೋನಿಟ್ಟ ಸದ್ದು. ಅವನು ಹೊರಗೆ ಬರಲಿಲ್ಲ. ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯತೊಡಗಿದ. ತೊಳೆಯುವ ಪಾತ್ರೆ ಅಷ್ಟೇನೂ ಇರಲಿಲ್ಲ.

ಅಪ್ಪ ಮೇಜಿನ ಕಡೆ ತಿರುಗಿದ. ತಟ್ಟೆಯ ಅಂಚಿಗೆ ಸಿಡಿದಿದ್ದ ಸಾರನ್ನು ಪಂಚೆಯ ಚುಂಗಿನಿಂದ ಒರೆಸಿದ. ಮುದ್ದೆಯನ್ನು ಬೆರಳಿನಿಂದ ಮುಟ್ಟಿ, ಇನ್ನೂ ಬಿಸಿಯಿದೆಯೆಂದು ನೋಡಿದ. ಆಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದ.

"ನಿಮ್ಮನೇಲಿ ಇವತ್ತು ಒಲೆ ಹಚ್ಚಂಗಿಲ್ಲ," ಎಂದ. "ತಗಳಿ, ಬಂಗಾರೆವ್ವ."

ಹೇಮಶ್ರೀ ಕೈ ಚಾಚಿದಳು. ಅವಳ ಎರಡು ಕೈಯೂ ತಟ್ಟೆಯನ್ನು ಗಟ್ಟಿಯಾಗಿ ಹಿಡಿದಿವೆ ಎಂದು ಖಾತ್ರಿಯಾಗುವವರೆಗೆ ಅವನು ಬಿಡಲಿಲ್ಲ.