ಒಳಮೂಲೆಯ ಕರಣೆ

"ಇದು?"

ಪರೀಕ್ಷೆ ನಡೆಸಲು ಬಂದಿದ್ದ ಶಿವಪ್ರಸಾದ್, ಪ್ಲಾಸ್ಟಿಕ್ ಹೊದಿಸಿದ ಚಿತ್ರದ ಹಾಳೆಯ ಮೇಲೆ ಪೆನ್ನಿನ ತುದಿ ಇಟ್ಟು ಕೇಳಿದ. ಹಾಳೆಯ ತುಂಬ ಕರಣೆಗಳು. ಅಗಲದ್ದು, ಎಲೆಯಂಥದ್ದು, ಮೂತಿ ಚೂಪಾದದ್ದು, ಪಟ್ಟಿಯಂತೆ ಉದ್ದನೆಯದು. ಒಂದೊಂದರ ಕೆಳಗೂ ಇದ್ದ ಇಂಗ್ಲಿಷ್ ಹೆಸರನ್ನು ಬಿಳಿ ಕಾಗದ ಅಂಟಿಸಿ ಮುಚ್ಚಿದ್ದರು, ಎದುರು ನಿಂತ, ಇಂಗ್ಲಿಷ್ ಬಾರದ ಹಾಜರಾ ಎಲ್ಲಿ ಓದಿಬಿಡುತ್ತಾಳೋ ಎಂಬ ಭಯದಿಂದ!

"ಇಟ್ಟಿಗೆ ಕಟ್ಟೋ ಕರಣೆ ಸಾರ್. ಹೊಸದು."

"ಇದು?"

"ಅದೇ ಕರಣೆ, ನಾಲ್ಕೈದು ವರ್ಷ ದುಡಿದ ಮೇಲೆ. ಗೋಡೆಗೆ ಗಾರೆ ಎರಚೋಕೆ ಒಳ್ಳೇದು, ತೂಕ ಇರಲ್ಲ."

"ಮತ್ತೆ ಇದು?"

"ಅದೇ ಸಾರ್. ಇನ್ನೂ ಸವೆದದ್ದು. ಸಂದಿ ತುಂಬೋಕೆ, ಮೂಲೆ ಎಳೆಯೋಕೆ."

ಶಿವಪ್ರಸಾದ್ ಪೆನ್ನು ಎತ್ತಿದ. "ಅಮ್ಮಾ, ಇವೆಲ್ಲ ಬೇರೆ ಬೇರೆ ಕರಣೆ. ಅಂಗಡೀಲಿ ಬೇರೆ ಬೇರೇನೇ ಸಿಗುತ್ತೆ."

"ಅಂಗಡೀಲಿ ಸಿಗ್ಲಿ ಸಾರ್. ನಮ್ಮ ಕೈಲಿ ಒಂದೇ ಕರಣೆ ಇಷ್ಟೂ ಆಗುತ್ತೆ. ಕೊನೆಗೆ ಕೊತ್ತಂಬರಿ ಸೊಪ್ಪಿನ ಮಣ್ಣು ಕೆದಕೋಕೆ ಇಟ್ಕೋತೀವಿ. ಅದೂ ಇದೆ ನೋಡಿ, ಕೆಳಗಡೆ."

ಹಿಂದೆ ನಿಂತಿದ್ದ ಮೂವರು ಗಂಡಸರು ಗೊಳ್ಳೆಂದು ನಕ್ಕರು. ಮೇಸ್ತ್ರಿ ಸಿದ್ದಯ್ಯ, ಕರಿಯಣ್ಣ, ಗೋವಿಂದ. ಹಾಜರಾ ಸೇರಿ ನಾಲ್ವರೂ ಒಂದೇ ಗುಂಪಿನವರು. ಬೆಳಿಗ್ಗೆ ಭದ್ರಾವತಿಯಲ್ಲಿ ಒಂದೇ ಬಸ್ಸು ಹತ್ತಿ, ಸವಳಂಗ ರಸ್ತೆಯ ಈ ತರಬೇತಿ ಕೇಂದ್ರಕ್ಕೆ ಮೇಸನ್ ಪರೀಕ್ಷೆಗೆಂದು ಬಂದವರು. ಶಿವಪ್ರಸಾದ್ ಮಾತ್ರ ನಗಲಿಲ್ಲ. ಹಾಳೆಯಲ್ಲಿ ಏನೋ ಗುರುತು ಹಾಕಿಕೊಂಡ.

ಹಾಜರಾ ಸುಳ್ಳೇನೂ ಹೇಳಿರಲಿಲ್ಲ. ಅವಳ ಚೀಲದಲ್ಲಿದ್ದ ಕರಣೆ ಒಂದು ಕಾಲಕ್ಕೆ ಸಿದ್ದಯ್ಯನದು. ಸವೆದು ಅಂಗೈ ಅಗಲಕ್ಕೆ ಬಂದಾಗ ಅವನು ಮರಳಿನ ಗುಡ್ಡೆಯ ಮೇಲೆ ಬಿಸಾಡಿದ್ದ, ಇವಳು ಎತ್ತಿಕೊಂಡಿದ್ದಳು. ಇಪ್ಪತ್ತೆರಡು ವರ್ಷದಿಂದ ಅವಳು ಗಾರೆ ಕಲಸುತ್ತಾಳೆ, ಬಾಂಡ್ಲಿ ಹೊರುತ್ತಾಳೆ. ಹೆಸರಿಗೆ ಕೈಯಾಳು. ಆದರೆ ಕೆಲಸ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಗಂಡಸರು ಅಗಲವಾದ ಗೋಡೆಗೆ ಭರಾಭರಾ ಪ್ಲಾಸ್ಟರ್ ಎಳೆದು, ಎರಡು ಗೋಡೆ ಕೂಡುವ ಒಳಮೂಲೆ ಬಂತೆಂದರೆ ಸಾಕು, ಬೀಡಿ ಹುಡುಕುತ್ತ ಹೊರಟುಬಿಡುತ್ತಿದ್ದರು. "ಹಾಜರಾ, ಮೂಲೆ ನೋಡ್ಕೋ." ದೊಡ್ಡ ಕರಣೆ ಮೂಲೆಯೊಳಗೆ ತಿರುಗುವುದಿಲ್ಲ. ಒಂದು ಬದಿ ನುಣುಪು ಮಾಡಿದರೆ ಇನ್ನೊಂದು ಬದಿ ಗೀರುತ್ತದೆ. ತಾಳ್ಮೆ ಬೇಕು, ಸೊಂಟ ಬಗ್ಗಿಸಬೇಕು. ಹಾಗಾಗಿ ಭದ್ರಾವತಿಯಲ್ಲಿ ಈ ಗುಂಪು ಕಟ್ಟಿದ ಮನೆಗಳ ಮೂಲೆಗಳೆಲ್ಲ ಹಾಜರಾಳವು. ಹೆಸರು ಸಿದ್ದಯ್ಯನದು!

ಈಗ ಶಂಕರಘಟ್ಟದಲ್ಲಿ ಹೊಸ ಹಾಸ್ಟೆಲ್ ಕಟ್ಟುತ್ತಿದ್ದರು. ಅಲ್ಲಿನ ಕಂಟ್ರಾಕ್ಟರು ಅವಳ ಕೈಕೆಲಸ ನೋಡಿ, "ಮೇಸನ್ ಅಂತ ಸರ್ಟಿಫಿಕೇಟ್ ತನ್ನಿ, ಸೋಮವಾರದಿಂದ ನಿಮ್ಮನ್ನ ಮೇಸ್ತ್ರಿ ಅಂತಲೇ ತಗೋತೀನಿ" ಎಂದಿದ್ದ. ಬಾಂಡ್ಲಿ ಹೊತ್ತು ಹೊತ್ತು ಅವಳ ಕುತ್ತಿಗೆ ಸೋತಿತ್ತು. ಅದಕ್ಕಿಂತ ಹೆಚ್ಚಾಗಿ ಮನಸ್ಸು ರೋಸಿತ್ತು. ಇವತ್ತು ಬಿಟ್ಟರೆ ಮುಂದಿನ ಪರೀಕ್ಷೆ ಆರು ತಿಂಗಳಿಗೆ.

ಶೆಡ್ಡಿನ ಹಿಂದಿನ ಅಂಗಳದಲ್ಲಿ ಸೊಂಟದೆತ್ತರದ ಐದು ಮೊಂಡು ಗೋಡೆಗಳಿದ್ದವು, ಒಂದೊಂದರಲ್ಲೂ ಒಂದೊಂದು ಒಳಮೂಲೆ. ಒಬ್ಬೊಬ್ಬರಿಗೆ ಒಂದು ಗೋಡೆ, ಎರಡು ತಾಸು, ಪ್ಲಾಸ್ಟರ್ ಮುಗಿಸಬೇಕು. ಐದನೆಯವನು ಬಂದಿರಲಿಲ್ಲ. ಶಿವಪ್ರಸಾದ್ ಫೋನು ಕಿವಿಗಿಟ್ಟುಕೊಂಡು ಆಫೀಸಿನೊಳಗೆ ಹೋದ.

ಹಾಜರಾ ಎಲ್ಲರಿಗಿಂತ ಮೊದಲು ಮುಗಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದಳು. ಮೂಲೆ ಮೇಲಿಂದ ಕೆಳಗೆ ದಾರ ಹಿಡಿದ ಹಾಗೆ ನೇರವಾಗಿತ್ತು. ಅಬ್ಬಾ, ಎಂಥ ಖುಷಿ! ಅಷ್ಟರಲ್ಲಿ ಸಿದ್ದಯ್ಯ ಕರಣೆ ಕೆಳಗಿಟ್ಟು, ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಗೇಟಿನ ಕಡೆ ಹೊರಟ.

"ಹಾಜರಾ, ಮೂಲೆ ಒಂದು ಬಾಕಿ ಇದೆ ನೋಡ್ಕೋ ಮಾರಾಯ್ತಿ."

ಕರಿಯಣ್ಣನೂ ಎದ್ದ, ಗೋವಿಂದನೂ ಎದ್ದ. ಇದು ಪರೀಕ್ಷೆ ಎಂಬುದು ಮೂವರಿಗೂ ಮರೆತುಹೋಗಿತ್ತು. ಹಾಳಾಗಲಿ, ಅವಳಿಗಾದರೂ ನೆನಪಿರಬಾರದಿತ್ತೇ? ಕಾಲು ತಾನಾಗಿ ಅತ್ತ ನಡೆಯಿತು. ಸಿದ್ದಯ್ಯನ ಮೂಲೆ ಎಳೆದಳು, ಕರಿಯಣ್ಣನದು ಎಳೆದಳು. ಗೋವಿಂದನ ಮೂಲೆಯಲ್ಲಿ ಬಗ್ಗಿ ಕೊನೆಯ ಗೀಟು ತೀಡುತ್ತಿದ್ದಾಗ ಶಿವಪ್ರಸಾದ್ ಹೊರಗೆ ಬಂದ.

ಅವನು ಗೋಡೆಗಳನ್ನೆಲ್ಲ ಸುತ್ತಿ ನೋಡಿ, ಗೇಟಿನಿಂದ ಎಲ್ಲರನ್ನೂ ಕರೆಸಿ, ಸಹಿಗೆ ಫಾರಂ ಮುಂದೆ ಹಿಡಿದ. ಅವಳದರಲ್ಲಿ ಕನ್ನಡದಲ್ಲೇ ಬರೆದಿತ್ತು: ಹಾಜರಾ, ಹೆಲ್ಪರ್.

"ಸಾರ್, ಇದು ತಪ್ಪಾಗಿದೆ. ನಾನು ಬಂದಿದ್ದು ಮೇಸನ್ ಪರೀಕ್ಷೆಗೆ."

"ಗೊತ್ತಮ್ಮ. ಆದ್ರೆ ನೀವು ಅವರಿಗೆ ಹೆಲ್ಪ್ ಮಾಡ್ತಿದ್ದಿದ್ದನ್ನ ನಾನೇ ಕಣ್ಣಾರೆ ನೋಡಿದ್ನಲ್ಲ. ನಿಮ್ಮ ಗೋಡೆ ಚೆನ್ನಾಗಿದೆ, ಅದನ್ನ ಅವರು ಯಾರಾದ್ರೂ ಮಾಡಿಕೊಟ್ಟಿರಬಹುದು. ನಂಗೆ ಹೇಗೆ ಗೊತ್ತಾಗುತ್ತೆ? ಹೆಲ್ಪರ್ ಸರ್ಟಿಫಿಕೇಟೂ ಸರ್ಟಿಫಿಕೇಟೇ ಅಲ್ವಾ?"

ಯಾ ಅಲ್ಲಾ! ಹಾಜರಾಳ ಮೈಯೆಲ್ಲ ಉರಿದುಹೋಯಿತು. ಅವಳು ಸಿದ್ದಯ್ಯನ ಕಡೆ ತಿರುಗಿದಳು.

"ಸಿದ್ದಯ್ಯಣ್ಣ, ಹೇಳಿ ಸಾರ್‌ಗೆ. ನಿಮ್ಮ ಮೂಲೆ ಯಾರು ಎಳೆದಿದ್ದು?"

ಸಿದ್ದಯ್ಯ ತಲೆ ಕೆರೆದುಕೊಂಡ. "ಎಲ್ಲಾ ಸೇರಿ ಮಾಡೋದು ತಾನೇ. ಯಾಕೆ ಸುಮ್ನೆ ರಂಪ ಮಾಡ್ತೀಯಾ? ಬಸ್ಸಿಗೆ ಹೊತ್ತಾಯ್ತು, ಸೈನ್ ಹಾಕು."

ಕರಿಯಣ್ಣ ಆಕಾಶ ನೋಡಿದ. ಗೋವಿಂದ ಚಪ್ಪಲಿಗೆ ಮೆತ್ತಿದ ಗಾರೆ ಕೆರೆಯತೊಡಗಿದ.

ಹಾಜರಾ ಸಹಿ ಹಾಕದೆ ಪೆನ್ನನ್ನು ಫಾರಮ್ಮಿನ ಮೇಲೆ ಇಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲದಿಂದ ತನ್ನ ಕರಣೆ ತೆಗೆದುಕೊಂಡು ಸಿದ್ದಯ್ಯನ ಗೋಡೆಯ ಹತ್ತಿರ ಹೋದಳು. ಮೂಲೆಯ ಎರಡೂ ಪಕ್ಕ ನಾಲ್ಕು ಬೆರಳು ಬಿಟ್ಟು ಮೇಲಿಂದ ಕೆಳಕ್ಕೆ ಗೀರಿ, ಹಸಿ ಪ್ಲಾಸ್ಟರನ್ನು ಸರಸರ ಕಿತ್ತು ಬಾಂಡ್ಲಿಗೆ ಹಾಕಿದಳು. ಒಳಗಿನ ಇಟ್ಟಿಗೆ ಕೆಂಪಗೆ ಕಂಡಿತು.

"ಏಯ್! ಹುಚ್ಚು ಹಿಡೀತಾ ನಿಂಗೆ?" ಸಿದ್ದಯ್ಯ ಓಡಿಬಂದ.

"ಹತ್ರ ಬರಬೇಡಿ" ಎಂದಳು. ದನಿ ಏರಿರಲಿಲ್ಲ, ಆದರೂ ಅವನು ನಿಂತ. ಕರಿಯಣ್ಣನ ಮೂಲೆ ಕಿತ್ತಳು. ಗೋವಿಂದನದನ್ನು ಕೀಳುವಾಗ ಅವನು, "ಅಕ್ಕಾ, ನಂದು ಬಿಟ್ಬಿಡಿ" ಎಂದು ಅಂಗಲಾಚಿದ. "ನಿಂದು ಮುಟ್ಟಿಲ್ಲಪ್ಪ, ನಂದನ್ನ ತಗೋತಿದೀನಿ" ಎಂದಳು.

"ಏನಮ್ಮಾ ಇದು!" ಶಿವಪ್ರಸಾದ್ ಗಾಬರಿಯಾಗಿದ್ದ.

"ನಿಮಗೆ ಗೊತ್ತಾಗಲ್ಲ ಅಂದ್ರಲ್ಲ ಸಾರ್, ಗೊತ್ತಾಗ್ಲಿ ಅಂತ. ಈಗ ಅವರವರ ಮೂಲೆ ಅವರವರೇ ಎಳೀಲಿ. ನಂದೂ ನಂಬಬೇಡಿ. ಖಾಲಿ ಬಿದ್ದಿರೋ ಆ ಐದನೇ ಗೋಡೆ ಕೊಡಿ, ನಿಮ್ಮ ಕಣ್ಮುಂದೆ ಮಾಡ್ತೀನಿ."

ಶಿವಪ್ರಸಾದ್ ಮೂರೂ ಮೂಲೆಗಳ ಬರಿ ಇಟ್ಟಿಗೆಯ ಮೇಲೆ ಕಣ್ಣಾಡಿಸಿದ. ಆಮೇಲೆ ವಾಚು ನೋಡಿಕೊಂಡು, "ಅರ್ಧ ಗಂಟೆ. ನಿಮ್ಮ ನಿಮ್ಮ ಮೂಲೆ ಮುಗಿಸಿ" ಎಂದು ಮೂವರಿಗೂ, "ಐದನೇ ಗೋಡೆ ಆಮೇಲೆ ನೋಡೋಣ" ಎಂದು ಹಾಜರಾಳಿಗೂ ಹೇಳಿ, ಕುರ್ಚಿಯನ್ನು ಅಂಗಳಕ್ಕೇ ಎಳೆದುಕೊಂಡು ಕೂತ.

ಮೂವತ್ತು ವರ್ಷದ ಮೇಸ್ತ್ರಿ ಸಿದ್ದಯ್ಯ ದೊಡ್ಡ ಕರಣೆ ಹಿಡಿದು ಮೂಲೆಗೆ ಬಗ್ಗಿದ. ಎಡಕ್ಕೆ ಎಳೆದರೆ ಬಲ ಗೀರಿತು, ಬಲಕ್ಕೆ ಎಳೆದರೆ ಎಡ ಕಿತ್ತು ಪಾದದ ಮೇಲೆ ಬಿತ್ತು. ಕರಿಯಣ್ಣ ಬೆರಳು ಹಾಕಿ ತಿಕ್ಕಿ ಇನ್ನಷ್ಟು ಕೆಡಿಸಿದ. ಗೋವಿಂದ ಮೂರನೇ ಸಲ ಗಾರೆ ಎರಚುತ್ತಿದ್ದ.

"ಆ ಸಣ್ಣ ಕರಣೆ ಕೊಡು ಇಲ್ಲಿ" ಎಂದ ಸಿದ್ದಯ್ಯ ಕೊನೆಗೆ.

"ಕೊಡಲ್ಲ."

"ಹೆಂಗೆ ತಿರುಗಿಸ್ತೀಯಾ ಅಂತಾದ್ರೂ ಹೇಳು ಮಾರಾಯ್ತಿ. ಮರ್ಯಾದೆ ಹೋಗುತ್ತೆ."

"ಮೊದ್ಲು ಸಾರ್‌ಗೆ ಹೇಳಿ. ಜೋರಾಗಿ."

ಸಿದ್ದಯ್ಯನ ಕಿವಿ ಕೆಂಪಾಯಿತು. ಕೈಯಲ್ಲಿನ ಕರಣೆಯನ್ನೂ ಪಾದದ ಮೇಲಿನ ಗಾರೆಯನ್ನೂ ನೋಡಿಕೊಂಡ. "ಮೂಲೆ ಅವಳದ್ದು ಸಾರ್" ಎಂದ. ಆಮೇಲೆ ದನಿ ಎತ್ತರಿಸಿ, "ಇವತ್ತು ಅಂತಲ್ಲ. ಯಾವತ್ತೂ ಅವಳದ್ದೇ."

ಶಿವಪ್ರಸಾದ್ ಎದ್ದು ಬಂದು ಹಾಜರಾಳ ಗೋಡೆಯ ಮೂಲೆಯಲ್ಲಿ ಬೆರಳಿಟ್ಟು ಮೇಲಿಂದ ಕೆಳಗಿನವರೆಗೆ ಎಳೆದ. ಆಮೇಲೆ ಹೆಲ್ಪರ್ ಎಂದಿದ್ದಕ್ಕೆ ಗೀಟು ಹಾಕಿ, ಮೇಸನ್ ಎಂದು ಬರೆದು, ಪಕ್ಕದಲ್ಲಿ ತನ್ನ ಸಹಿ ಹಾಕಿ ಫಾರಂ ಅವಳಿಗೆ ಕೊಟ್ಟ. ಅವಳು ಒಂದೊಂದೇ ಅಕ್ಷರ ಓದಿ, ನಿಧಾನವಾಗಿ ಸಹಿ ಮಾಡಿದಳು.

"ಈಗಾದ್ರೂ ತೋರಿಸು" ಎಂದ ಸಿದ್ದಯ್ಯ.

"ತೋರಿಸ್ತೀನಿ. ನೋಡ್ಕೊಂಡು ನಿಮ್ಮದು ನೀವೇ ಮಾಡ್ಕೊಳ್ಳಿ." ಹಾಜರಾ ಐದನೇ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕರಣೆಯನ್ನು ಬಲಗೈಗೆ ತಗೊಂಡು, ಹಿಂತಿರುಗಿ ನೋಡದೆ, "ಗಾರೆ ತನ್ನಿ" ಎಂದಳು.

ಸಿದ್ದಯ್ಯ ಯಾರನ್ನೋ ಕರೆಯಲು ಬಾಯಿ ತೆರೆದು ಸುತ್ತ ನೋಡಿದ. ಕರಿಯಣ್ಣ ನೋಡುತ್ತ ನಿಂತಿದ್ದ, ಗೋವಿಂದ ನೋಡುತ್ತ ನಿಂತಿದ್ದ. ಅವನು ಬಾಯಿ ಮುಚ್ಚಿ, ಪಂಚೆ ಎತ್ತಿ ಕಟ್ಟಿ, ಬಗ್ಗಿ ಬಾಂಡ್ಲಿಯ ಎರಡೂ ಅಂಚಿಗೆ ಕೈ ಹಾಕಿದ.