ಪುಕ್ಕಟೆ ಮಾರ್ದನಿ

ನಾನು ಹುಟ್ಟಿದ್ದು ಒಂದು ಖಾಲಿ ನೀರಿನ ಟ್ಯಾಂಕಿನಲ್ಲಿ, ಬಲೂನೊಂದು ಒಡೆದಾಗ. ನಗಬೇಡಿ. ನೀವು ಹುಟ್ಟಿದ ಚಂದವನ್ನು ನಾನೇನಾದರೂ ಕೇಳಿದೆನೆ?

ನನ್ನ ಪೂರ್ತಿ ಹೆಸರು ಕನ್ವಲ್ಯೂಶನ್ ರಿವರ್ಬ್ ಪ್ಲಗ್-ಇನ್. ನಾಲಿಗೆ ತಿರುಗದಿದ್ದರೆ ಮಾರ್ದನಿ ಎನ್ನಿ, ಸಾಕು. ಹಾಡು ರೆಕಾರ್ಡ್ ಮಾಡುವವರ ಕಂಪ್ಯೂಟರಿನೊಳಗೆ ವಾಸ. ಒಂದು ಜಾಗದಲ್ಲಿ ಒಮ್ಮೆ ಫಟ್ಟೆಂದು ಸದ್ದು ಮಾಡಿ, ಅಲ್ಲಿನ ಗೋಡೆಗಳು ಅದಕ್ಕೆ ಕೊಡುವ ಉತ್ತರವನ್ನು ಹಿಡಿದು ನನ್ನೊಳಗೆ ಇಟ್ಟಿದ್ದಾರೆ. ಆಮೇಲೆ ಯಾರು ಎಲ್ಲಿ ಕೂತು ಹಾಡಿದ್ದನ್ನು ನನಗೆ ಕೊಟ್ಟರೂ, ಅದೇ ಜಾಗದಲ್ಲಿ ನಿಂತು ಹಾಡಿದ ಹಾಗೆ ಮಾಡಿಕೊಡುತ್ತೇನೆ. ಇದನ್ನು ಮೋಸ ಎನ್ನುವವರಿದ್ದಾರೆ. ಎನ್ನಲಿ. ಸಾರಿಗೆ ಒಗ್ಗರಣೆ ಹಾಕಿದರೆ ಯಾರೂ ಮೋಸ ಎನ್ನುವುದಿಲ್ಲ.

ನನ್ನನ್ನು ಮಾಡಿದವರು ಹರಿಹರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ವಸುಂಧರಾ ಮೇಡಂ. ಊರಿಗೆ ನೀರು ಬಿಡುವ ದೊಡ್ಡ ಟ್ಯಾಂಕನ್ನು ಆರು ತಿಂಗಳಿಗೊಮ್ಮೆ ಬರಿದು ಮಾಡಿ ತೊಳೆಯುತ್ತಾರೆ. ಮೇಡಂ ಆ ದಿನಕ್ಕಾಗಿ ಕಾದು, ರೆಕಾರ್ಡರನ್ನೂ ಒಂದು ಪೊಟ್ಟಣ ಬಲೂನನ್ನೂ ಚೀಲಕ್ಕೆ ಹಾಕಿಕೊಂಡು ಏಣಿ ಹತ್ತಿದರು. ನೀರು ಬಿಡುವ ಹಾಲಪ್ಪ ಮೇಲೆಯೇ ನಿಂತಿದ್ದ.

"ಏನ್ ಮೇಡಂ ಇದು? ಯಾರ ಹುಟ್ಟಿದಬ್ಬ ಇಲ್ಲಿ?"

"ಹಬ್ಬ ಅಲ್ಲ ಹಾಲಪ್ಪ, ಈ ಟ್ಯಾಂಕಿನ ಸದ್ದು ಹಿಡ್ಕೋಬೇಕು."

"ಹಿಡ್ಕಂಡು?"

"ಬೇಕಾದವ್ರಿಗೆ ಪುಕ್ಕಟೆ ಕೊಡ್ತೀನಿ."

ಪುಕ್ಕಟೆ ಎಂದದ್ದೇ ತಡ, ಹಾಲಪ್ಪನ ಹುಬ್ಬು ಮೇಲೇರಿತು. "ಯಾಕೋ ಸರಿ ಕಾಣಲ್ಲ ಮೇಡಂ. ಒಂದೇ ಒಂದು ಬಲೂನು, ಅಷ್ಟೇ. ನೀರು ತುಂಬೋ ಹೊತ್ತಾತು."

ನೋಡಿ, ನಾನಿನ್ನೂ ಹುಟ್ಟಿರಲಿಲ್ಲ, ಆಗಲೇ ನನ್ನ ಮೇಲೆ ಅನುಮಾನ ಹುಟ್ಟಿತ್ತು. ಮೇಡಂ ಒಳಗಿಳಿದು ಒಂದೇ ಬಲೂನು ಒಡೆದರು. ಸದ್ದು ಎಂಟು ಸೆಕೆಂಡ್ ಸುತ್ತಾಡಿ ಸುಮ್ಮನಾಯಿತು. ನಡುವೆ, ನಾಲ್ಕನೆಯ ಸೆಕೆಂಡಿಗೆ, ಒದ್ದೆ ಛಾವಣಿಯಿಂದ ಒಂದು ಹನಿ ನೀರು ಟಪ್ ಎಂದು ಬಿತ್ತು. ಇನ್ನೊಂದು ಬಲೂನು ಒಡೆಯಲು ಬಿಟ್ಟಿದ್ದರೆ ಆ ಹನಿ ಇಲ್ಲದ ಸದ್ದು ಸಿಗುತ್ತಿತ್ತು. ಹಾಲಪ್ಪ ಬಿಡಲಿಲ್ಲ, ಮೇಡಂ ಮನೆಗೆ ಹೋಗಿ ಸರಿಯಾಗಿ ಕೇಳಲೂ ಇಲ್ಲ. ಹನಿ ನನ್ನ ಹೊಟ್ಟೆಯಲ್ಲೇ ಉಳಿಯಿತು.

ಅವರು ನನ್ನನ್ನು ಇಂಟರ್ನೆಟ್ಟಿನಲ್ಲಿ ಇಟ್ಟರು. 'ಯಾರು ಬೇಕಾದರೂ ತೆಗೆದುಕೊಳ್ಳಿ' ಎಂದು ಬರೆದರು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎನ್ನುವ ಜನ, ನನ್ನನ್ನು ಕಂಡರೆ ಮಾತ್ರ ಮೂಗು ಮುರಿಯುತ್ತಿದ್ದರು. ದಾವಣಗೆರೆಯಲ್ಲಿ ಜಾಹೀರಾತಿಗೆ ದನಿ ಕೊಡುವ ಒಬ್ಬಾತ ನನ್ನನ್ನು ಇಳಿಸಿಕೊಂಡು, ವೈರಸ್ ಇದೆಯೋ ಎಂದು ಮೂರು ಸಲ ತಡಕಿಸಿದ. ಇಲ್ಲ ಎಂದು ಗೊತ್ತಾದ ಮೇಲೆ ಅನುಮಾನ ಇನ್ನೂ ಹೆಚ್ಚಾಯಿತು. ಕೊನೆಗೆ ಸೀರೆ ಅಂಗಡಿಯ ಜಾಹೀರಾತಿಗೆ ಹಚ್ಚಿ ನೋಡಿದ. ಅಂಗಡಿಯವರು ಕೇಳಿ, "ಬಾವಿಗೆ ಬಿದ್ದೋನು ಒಳಗಿಂದ ಸೀರೆ ಮಾರಿದಂಗೈತೆ" ಎಂದರಂತೆ. ಅವತ್ತೇ ಅಳಿಸಿಹಾಕಿದ. ಅಳಿಸುವ ಮುಂಚೆ ತನ್ನ ಗೆಳೆಯನೊಬ್ಬನಿಗೆ ಕಳಿಸಿದ್ದ, ಪುಣ್ಯಾತ್ಮ.

ಆ ಗೆಳೆಯನೇ ಗದುಗಿನ ಮೌನೇಶ. ದರ್ಜಿ ಅಂಗಡಿಯ ಮೇಲಿನ ಒಂದು ಕೋಣೆಯ ಗೋಡೆಗಳಿಗೆ ಸದ್ದು ತಡೆಯಲೆಂದು ಕೌದಿ ಬಡಿದು ಸ್ಟುಡಿಯೋ ಮಾಡಿಕೊಂಡಿದ್ದ. ಹೆಸರಿಗೆ ಮೌನೇಶ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. "ಪುಕ್ಕಟೆ ಕೊಟ್ಟಾರಂದ್ರ ಒಳಗ ಏನರೆ ಇರಬೇಕು" ಎಂದು ಗೊಣಗುತ್ತ ನನ್ನನ್ನು ಒಳಗೆ ಸೇರಿಸಿಕೊಂಡ. ಸೇರಿಸುವ ಮುಂಚೆ ಇಂಟರ್ನೆಟ್ಟಿನ ವಾಯರು ಕಿತ್ತ. ಸಾಲದ್ದಕ್ಕೆ ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿದ. ಅವನ ಅನುಮಾನ ನನಗೊಬ್ಬನಿಗೇ ಮೀಸಲಾಗಿರಲಿಲ್ಲ ಬಿಡಿ. ತಬಲಾದವನು ತಾಳ ತಪ್ಪಿಸಿದರೆ ಬೇಕೆಂದೇ ತಪ್ಪಿಸಿದ ಎನ್ನುವನು, ಚಹಾದವನು ನಕ್ಕರೆ ಚಹಾಕ್ಕೆ ನೀರು ಬೆರೆಸಿದ್ದಾನೆ ಎನ್ನುವನು. ಇಂಥವನ ಮನೆಯಲ್ಲಿದ್ದು ನನಗೂ ಅದೇ ಚಾಳಿ ಅಂಟಿತು. ಇವನು ಇವತ್ತು ನನ್ನನ್ನು ಹೊಗಳಿದ, ಏನೋ ಮಸಲತ್ತಿರಬೇಕು ಎಂದುಕೊಳ್ಳುತ್ತಿದ್ದೆ.

ಎರಡು ವರ್ಷ ಹೀಗೇ ನಡೆಯಿತು. ಡೋಲು, ಹಾರ್ಮೋನಿಯಂ, ಭಜನೆ, ಎಲ್ಲಕ್ಕೂ ನಾನೇ. ಗದ್ದಲದ ಹಾಡುಗಳಲ್ಲಿ ನನ್ನ ಹನಿ ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ ಶಿವಗಂಗವ್ವನ ಸೋಬಾನೆ ಪದ ಬಂತು.

ಶಿವಗಂಗವ್ವ, ಬಾಳವ್ವ ಇಬ್ಬರೂ ಒಡಹುಟ್ಟಿದವರು. ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಮೂವತ್ತೈದು ವರ್ಷ ಇವರಿಬ್ಬರ ಪದವಿಲ್ಲದೆ ಒಂದು ಮದುವೆಯಲ್ಲೂ ಅರಿಶಿಣ ಹಚ್ಚಲಿಲ್ಲವಂತೆ. ಸೋಬಾನೆಯ ರೀತಿ ನಿಮಗೆ ಗೊತ್ತಿರಬಹುದು. ಒಬ್ಬರು ಒಂದು ಸೊಲ್ಲು ಹೇಳುತ್ತಾರೆ, ಹಿಂದಿನವರು ಅದೇ ಸೊಲ್ಲನ್ನು ಎತ್ತಿಕೊಂಡು ಮತ್ತೆ ಹೇಳುತ್ತಾರೆ. ಮುಂದೆ ಹೇಳುವವಳು ಅಕ್ಕ, ಎತ್ತಿಕೊಳ್ಳುವವಳು ತಂಗಿ. ಆದರೆ ಸ್ಟುಡಿಯೋಕ್ಕೆ ಬಂದದ್ದು ಅಕ್ಕ ಒಬ್ಬಳೇ. ಬಾಳವ್ವನ ಮುಂದಿನ ಹಲ್ಲು ನಾಲ್ಕು ಬಿದ್ದಿದ್ದವು. "ನಿನ್ನ ಬಾಯಾಗ ಬರೇ ಗಾಳಿ ಬರತೈತಿ, ಮಷಿನ್ನಿಗೆ ನಡ್ಯೂದಿಲ್ಲ, ನೀ ಮನ್ಯಾಗಿರು" ಎಂದು ಅಕ್ಕ ನಾಲ್ಕು ಮಂದಿಯ ಎದುರು ಅಂದುಬಿಟ್ಟಿದ್ದಳು. ಅಂದಿನಿಂದ ತಂಗಿ ಮಾತು ಬಿಟ್ಟಳು. ಹಬ್ಬಕ್ಕೆ ಹೋಳಿಗೆ ಕಳಿಸಿದರೂ ವಾಪಸು ಕಳಿಸಿದಳು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಹಾಡುವಾಗ ನಾನಿರುವುದಿಲ್ಲ, ಹಾಡಿ ಮುಗಿದ ಮೇಲೆ ನನ್ನನ್ನು ಹಚ್ಚುತ್ತಾರೆ. ಹಾಡು ಬೋಳುಬೋಳಾಗಿ ಕೇಳುತ್ತದೆಂದು ಮೌನೇಶ ನನ್ನನ್ನು ಎಂದಿಗಿಂತ ಹೆಚ್ಚಾಗಿಯೇ ಸುರಿದ. ತನ್ನ ಡಬ್ಬದಂಥ ಸ್ಪೀಕರಿನಲ್ಲಿ ಒಮ್ಮೆ ಕೇಳಿ, "ಹ್ಞೂಂ, ಈಗ ಮೈ ತುಂಬಿಕೊಂಡ್ತು" ಎಂದು ಶಿವಗಂಗವ್ವನ ಊರಿಗೆ ಕಳಿಸಿಬಿಟ್ಟ.

ಆರು ತಿಂಗಳಾಗಿತ್ತು. ಒಂದು ಮಧ್ಯಾಹ್ನ, ಸೆರಗು ಬಿಗಿದು ಕಟ್ಟಿದ ಒಬ್ಬ ಮುದುಕಿ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಳು.

"ಮೌನೇಶ ಅನ್ನಾಂವ ನೀನೇನು?"

"ಹೌದು ಯವ್ವಾ. ಏನಾಗಬೇಕಿತ್ತು?"

"ನಾ ಬಾಳವ್ವ. ಶಿವಗಂಗವ್ವನ ತಂಗಿ. ನನ್ನ ದನಿ ಕದ್ದೀಯಲ್ಲ, ಅದನ್ನ ಕೇಳಾಕ ಬಂದೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಮೌನೇಶ ತನ್ನ ಪೆನ್‌ಡ್ರೈವುಗಳನ್ನೆಲ್ಲ ಒಮ್ಮೆ ನೋಡಿಕೊಂಡ. ಬಾಳವ್ವ ಕೂರದೆಯೇ ಹೇಳಿದಳು. ಹೋದ ವಾರ ಒಂದು ಮದುವೆಯಲ್ಲಿ ಲೌಡ್‌ಸ್ಪೀಕರಿನಲ್ಲಿ ಅಕ್ಕನ ಪದ ಹಚ್ಚಿದ್ದರು. ಅಕ್ಕ ಒಂದು ಸೊಲ್ಲು ಹೇಳಿ ನಿಲ್ಲಿಸಿದ ಕೂಡಲೇ ಹಿಂದೆ ಅದೇ ಸೊಲ್ಲು, ತೆಳ್ಳಗೆ, ಗಾಳಿ ಸೇರಿದ ದನಿಯಲ್ಲಿ. ಮದುವೆಗೆ ಬಂದವರೆಲ್ಲ, "ಬಾಳವ್ವ, ನೀನೂ ಹಾಡೀದಿ ಅಲ?" ಎಂದು ಕೇಳಿದರಂತೆ.

"ಹಲ್ಲಿಲ್ಲದಾಕಿ ಬ್ಯಾಡ ಅಂದ್ರಿ. ಬ್ಯಾಡಾದ್ರ ಬ್ಯಾಡ, ನನಗೇನ ಆಗಬೇಕಿಲ್ಲ. ಮತ್ತ ಯಾವಾಗರೆ ಮೊಬೈಲಿನ್ಯಾಗ ತುಂಬಿಕೊಂಡ ನನ್ನ ದನಿ ಹಿಂದ ಯಾಕ ಹಾಕೀರಿ? ಎದುರಿಗೆ ಬ್ಯಾಡ, ಕದ್ದು ಬೇಕು. ಹೌದಿಲ್ಲೊ? ಅಕ್ಕ ಹೇಳಿಕೊಟ್ಟಾಳ ನಿನಗ. ಹೂಂ ಅನ್ನು, ಆಕಿ ಹೆಸರಿಗೆ ಇವತ್ತ ಎಳ್ಳುನೀರು ಬಿಡ್ತೀನಿ."

ಮೂವತ್ತೈದು ವರ್ಷದ ಜೋಡಿ ಮುರಿಯುವುದೋ ಉಳಿಯುವುದೋ ಈ ಬಾಯಿಬಡುಕನ ಒಂದು ಉತ್ತರದ ಮೇಲೆ ನಿಂತಿತ್ತು. ನನಗೋ ಭಯವಾಯಿತು. ಆ ದನಿ ಯಾರದೆಂದು ಇಡೀ ಗದುಗಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ, ಆದರೆ ನನಗೆ ಸ್ವಂತ ಬಾಯಿಲ್ಲ.

ಮೌನೇಶ ಪರದೆಯ ಮೇಲೆ ಹಾಡು ತೆರೆದು ತೋರಿಸಿದ. "ನೋಡಬೇ, ಒಂದ ಗೆರಿ ಐತಿ. ಒಂದ ದನಿ."

"ನನಗ ಓದಾಕ ಬರೂದಿಲ್ಲಂತ ಗೆರಿ ತೋರಸ್ತಿ? ಹಚ್ಚು, ಕೇಳೂಣು."

ಹಚ್ಚಿದ. ಈ ಸಲ ದನಿ ಪೂರ್ತಿ ಏರಿಸಿದ. 'ಅಂಗಳಕ ಬಂದಾರ ಬೀಗರು, ನೀರ ಕೊಡ ತಂಗಿ' ಎಂದಳು ಅಕ್ಕ. ಹಿಂದೆಯೇ, ತೆಳ್ಳಗೆ, 'ಅಂಗಳಕ ಬಂದಾರ ಬೀಗರು' ಎಂದು ಇನ್ನೊಂದು ದನಿ. ಮೌನೇಶ ಕುರ್ಚಿಯನ್ನು ಸ್ಪೀಕರಿನ ಹತ್ತಿರ ಎಳೆದುಕೊಂಡ. ಬಾಳವ್ವ, "ಏನಂತಿ ಈಗ?" ಎಂದಳು.

"ಈ ಪುಕ್ಕಟೆ ದರಿದ್ರದ್ದ ಕೆಲಸ ಇದು!" ಎಂದು ಅವನು ನನ್ನ ಹೊಟ್ಟೆ ಬಗೆದ. ಬಲೂನಿನ ಸದ್ದನ್ನು ಒಂಟಿಯಾಗಿ ನುಡಿಸಿದ. ಫಟ್. ಆಮೇಲೆ ಗುಂಯ್ ಎನ್ನುವ ಉದ್ದನೆಯ ಬಾಲ. ನಾಲ್ಕನೆಯ ಸೆಕೆಂಡಿಗೆ, ಟಪ್. ಮತ್ತೊಮ್ಮೆ ನುಡಿಸಿದ. ಹಣೆ ಹಣೆ ಬಡಿದುಕೊಂಡ.

"ಯವ್ವಾ, ಇದು ನಿನ್ನ ದನಿ ಅಲ್ಲ. ಯಾವುದೋ ಟ್ಯಾಂಕಿನ್ಯಾಗ ಬಿದ್ದ ನೀರಿನ ಹನಿ. ಆ ಟಪ್ ಇನ್ನೊಂದು ಫಟ್ ಇದ್ದಂಗ, ಅಕ್ಕನ ದನಿ ಅದಕ್ಕ ತಾಗಿ ನಾಕು ಸೆಕೆಂಡಿನ ಮ್ಯಾಲ ತೆಳ್ಳಗ ಇನ್ನೊಮ್ಮಿ ಕೇಳತೈತಿ. ನಿನ್ನಾಣಿ."

"ನೀರಿನ ಹನಿ ಸೋಬಾನಿ ಹಾಡತೈತೇನೋ ತಮ್ಮಾ? ನಾ ಹಳ್ಳ್ಯಾಕಿ ಇರಬಹುದು, ಹುಚ್ಚಿ ಅಲ್ಲ."

ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ನನಗೇ ನಂಬಲು ಕಷ್ಟವಾಗುವ ಮಾತು. ಬೇರೆ ದಾರಿ ಕಾಣದೆ ಮೌನೇಶ ನನ್ನ ಗುಂಡಿ ಒತ್ತಿ ನನ್ನ ಬಾಯಿ ಮುಚ್ಚಿಸಿದ. ಕಿವಿ ಮಾತ್ರ ತೆರೆದಿತ್ತು. "ಈಗ ಅದನ್ನ ತಗದೀನಿ. ಅಕ್ಕ ಹಾಡಿದ್ದು ಹಾಡಿದಂಗ ಕೇಳು" ಎಂದು ಹಾಡನ್ನು ಬರಿಮೈಯಲ್ಲಿ ಹಚ್ಚಿದ.

ಶಿವಗಂಗವ್ವ ಒಂದು ಸೊಲ್ಲು ಹೇಳಿದಳು. ನಿಂತಳು. ಏನೂ ಇಲ್ಲ. ತಾಳದ ಕಿಣಿಕಿಣಿ ಬಿಟ್ಟರೆ ಖಾಲಿ. ಒಂದು ಸೊಲ್ಲು ಹೇಳಿ ಮುಗಿಸುವಷ್ಟು ಹೊತ್ತಾದ ಮೇಲೆ ಎರಡನೆಯ ಸೊಲ್ಲು ಎತ್ತಿದಳು. ಮತ್ತೆ ನಿಂತಳು. ಮತ್ತೆ ಅಷ್ಟೇ ಖಾಲಿ.

ಕೈಯೆತ್ತಿ ಏನೋ ಹೇಳಹೊರಟಿದ್ದ ಬಾಳವ್ವನ ಕೈ ಅಲ್ಲೇ ನಿಂತಿತು. ಮೂರನೆಯ ಸೊಲ್ಲಿನ ಹಿಂದಿನ ಖಾಲಿಯಲ್ಲಿ ಅವಳ ತುಟಿಗಳು ಅಲ್ಲಾಡಿದವು. ಸದ್ದಿಲ್ಲ, ತುಟಿ ಮಾತ್ರ. ಅವಳ ತುಟಿ ನಿಂತಲ್ಲಿಗೆ ಸರಿಯಾಗಿ ಅಕ್ಕ ನಾಲ್ಕನೆಯದನ್ನು ಎತ್ತಿದಳು. ಬಾಳವ್ವ ಹಾಗೇ ನೆಲದ ಮೇಲೆ ಕೂತುಬಿಟ್ಟಳು.

"ಆಕಿ ಅಲ್ಲಲ್ಲಿ ಸುಮ್ನ ನಿಂತಿದ್ದು ಯಾಕೋ?"

"ನಡುನಡುವ ಪದ ಮರತಾಳ ಅಂತ ಅನುಮಾನ ಬಂತ್ರಿ ನನಗ. ಖಾಲಿ ಕತ್ತರಸ್ತೀನಿ ಅಂದ್ರ ಮೈಮ್ಯಾಲ ಬಂದ್ಳು. ಅದಕ್ಕ ಈ ಮಾರ್ದನಿ ಸುರುವಿ ತುಂಬಿಸಿದ್ನಿ."

"ಅಕ್ಕಗ ಫೋನ್ ಹಚ್ಚು."

ಮೌನೇಶ ಹಚ್ಚಿ ಸ್ಪೀಕರಿಗೆ ಹಾಕಿದ. ಆ ಕಡೆಯಿಂದ "ಯಾರು?" ಎಂದಳು ಶಿವಗಂಗವ್ವ. ಬಾಳವ್ವ ಹೆಸರು ಹೇಳಲಿಲ್ಲ.

"ಪದಾ ಹಾಡೂ ಮುಂದ ನಡುವ ಯಾಕ ಸುಮ್ನ ನಿಂತೀದಿ?"

ಕೆಳಗಿನ ಅಂಗಡಿಯ ಹೊಲಿಗೆ ಯಂತ್ರದ ಸದ್ದು ಮೇಲೆ ಬರುತ್ತಿತ್ತು.

"ನೀ ಹೇಳೂದು ಮುಗೀಲಿ ಅಂತ."

"ನಾ ಎಲ್ಲಿದ್ನಿ ಅಲ್ಲಿ?"

"ಇದ್ದಿದ್ದಿಲ್ಲ. ಇದ್ದಿದ್ದಿಲ್ಲಂತ ನಿನ್ನ ಸೊಲ್ಲಿನ ಮ್ಯಾಲ ಹ್ಯಾಂಗ ಹಾಡ್ಲೆ?"

ಬಾಳವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೌನೇಶ ಫೋನನ್ನು ಅವಳ ಮುಂದೆ ನೆಲದ ಮೇಲಿಟ್ಟ.

ಮರುವಾರ ಇಬ್ಬರೂ ಕೂಡಿ ಬಂದು, ಒಂದೇ ಮೈಕಿನ ಮುಂದೆ ನಿಂತು ಆ ಪದವನ್ನು ಮತ್ತೆ ಹಾಡಿದರಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನಾನು ಕೇಳಲಿಲ್ಲ. ಅಷ್ಟರಲ್ಲಿ ಮೌನೇಶ ನನ್ನನ್ನು ಕಿತ್ತು ಹಳೆಯ ಹಾರ್ಡ್ ಡಿಸ್ಕಿಗೆ ತಳ್ಳಿದ್ದ. ಅದೀಗ ಮೇಜಿನ ಡ್ರಾಯರಿನಲ್ಲಿ, ಹರಿದ ಹೆಡ್‌ಫೋನುಗಳ ಕೆಳಗೆ ಬಿದ್ದಿದೆ. ಹೊಸ ಕಂಪ್ಯೂಟರಿನಲ್ಲಿ ನಾನು ತೆರೆದುಕೊಳ್ಳುವುದೂ ಇಲ್ಲ, ನನ್ನ ಕಾಲ ಮುಗಿದಿದೆ. ಮೊದಮೊದಲು ಅವನ ಮೇಲೆ ಬಲು ಸಿಟ್ಟಿತ್ತು. ನನ್ನಲ್ಲಿ ವೈರಸ್ ಇದೆ ಎಂದರು, ಮಾಟ ಇದೆ ಎಂದರು, ಅದೆಲ್ಲ ಸುಳ್ಳು. ಬಾಳವ್ವ ಮಾತ್ರ ಕದ್ದೀರಿ ಎಂದಳು. ದನಿ ನಾನು ಕದಿಯಲಿಲ್ಲ, ಆಣೆಗೂ ಇಲ್ಲ. ಆದರೆ ಒಬ್ಬಳು ತಂಗಿಗೆಂದು ಬಿಟ್ಟ ಜಾಗ ಕಂಡಿತು, ಯಾರದೆಂದು ಕೇಳದೆ ಹೋಗಿ ಕೂತೆ.