ಸಾಧು ಮಗು

ಶುಂಠಿ ಎಳ್ಳೆಣ್ಣೆಯಲ್ಲಿ ಬಾಡಿ ಘಮ್ಮೆನ್ನತೊಡಗಿದ ಮೇಲೆ ಫುಂಗ್ಮೋಯ್ ಕೋಳಿಯ ತುಂಡುಗಳನ್ನು ಬಾಣಲೆಗೆ ಹಾಕಿ, ಮನೆಯಲ್ಲೇ ಇಳಿಸಿದ ಅಕ್ಕಿಮದ್ಯವನ್ನು ಧಾರಾಳವಾಗಿ ಸುರಿದು ಕುದಿಯಲು ಬಿಟ್ಟಳು. ಬಾಣಂತಿಗೆ ಹೊತ್ತು ಹೊತ್ತಿಗೂ ಇದೇ ಸಾರು. ಸೊಸೆ ಲಿಯುನ್ ಬಸುರಿ ಎಂದು ತಿಳಿದ ವಾರವೇ ಅವಳು ಕೋಳಿಮರಿಗಳನ್ನು ತಂದು ಸಾಕತೊಡಗಿದ್ದಳು. ಈಗ ಮೊಮ್ಮಗ ಹುಟ್ಟಿದ್ದ, ಕೋಳಿಗಳ ಆಯುಸ್ಸು ಮುಗಿದಿತ್ತು.

ಅಂಗಳದಾಚೆ, ಬಾಣಂತಿ ಕೋಣೆಯ ಬಾಗಿಲಲ್ಲಿ ಬಿದಿರಿನ ಗಿಡ್ಡ ಕುರ್ಚಿ ಹಾಕಿಕೊಂಡು ಅಪೋ ಕಾವಲಿಗೆ ಕೂತಿದ್ದಳು. ಅಪೋ ಎಂದರೆ ಅಜ್ಜಿ. ಎಂಬತ್ತು ದಾಟಿದ ಆಕೆಯನ್ನು ಇಡೀ ಕಣಿವೆಯೇ ಹಾಗೆ ಕರೆಯುತ್ತಿತ್ತು. ಫುಂಗ್ಮೋಯ್‌ಗೆ ಮಾತ್ರ ಆಕೆ ಅಮ್ಮ. ಹಾಲುಹಲ್ಲು ಬೀಳುವ ಮುಂಚೆಯೇ, ಮುಂದೆ ಸೊಸೆಯಾಗಲಿ ಎಂದು ಈ ಮನೆಗೆ ತಂದು ಬಿಟ್ಟಿದ್ದ ಹುಡುಗಿ ಅವಳು. ತಲೆ ಬಾಚಿ, ಹೇನು ಹೆಕ್ಕಿ, ಜ್ವರ ಬಂದಾಗ ಮಗ್ಗುಲಲ್ಲಿ ಮಲಗಿಸಿಕೊಂಡು ಬೆಳೆಸಿದವಳು ಅಪೋ. ಆಕೆಗೆ ಎದುರು ಮಾತಾಡುವುದು ಫುಂಗ್ಮೋಯ್‌ಗೆ ಗೊತ್ತೇ ಇರಲಿಲ್ಲ.

ಬಾಣಂತಿ ತಿಂಗಳ ತನಕ ಹೊಸ್ತಿಲು ದಾಟಬಾರದು, ಮಗು ಬಿಸಿಲು ಗಾಳಿ ಕಾಣಬಾರದು. ಕಿಟಕಿಗೆ ದಪ್ಪ ಕೆಂಪು ಬಟ್ಟೆ ಬಿಗಿದಿತ್ತು. ಒಳಗೆ ಉರಿಯುತ್ತಿದ್ದದ್ದು ಒಂದು ಕೆಂಪು ಬಲ್ಬು. ಆ ಬೆಳಕಿನಲ್ಲಿ ಎಂಥ ಮಗುವೂ ಕೆಂಪಗೆ, ತುಂಬಿಕೊಂಡಂತೆ ಕಾಣುತ್ತದೆ. ಮಗುವಿಗೆ ತೊಡಿಸಿದ್ದು ಎದೆಯ ಮೇಲೆ ಹುಲಿಮುಖದ ಕಸೂತಿಯಿದ್ದ, ಹತ್ತಿ ತುಂಬಿದ ಪುಟ್ಟ ಅಂಗಿ. ಅಪೋ ಹರೆಯದಲ್ಲಿ ಹೊಲಿದದ್ದು. ಮನೆಯ ಗಂಡುಮಕ್ಕಳೆಲ್ಲ ಮೊದಲ ತಿಂಗಳು ಅದನ್ನೇ ತೊಟ್ಟವರು. ಹಿಡಿಗಟ್ಟಲೆ ಡಾಂಬರು ಗುಳಿಗೆ ಹಾಕಿ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದ ಅಂಗಿಯನ್ನು ಬಿಚ್ಚಿದಾಗ ಮೂಗಿಗೆ ಅಡರುವ ವಾಸನೆ. "ಒಂದು ಹುಳಾನೂ ಮುಟ್ಟಿಲ್ಲ ನೋಡ್ರೇ" ಎಂದು ಅಪೋ ಬೀಗಿದ್ದಳು.

ಮೊದಲೇ ಹೇಳಿಬಿಡುತ್ತೇನೆ, ಆ ಮನೆಯಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ. ಮಗುವಿಗೆ ಬಂದ ಆಪತ್ತೆಲ್ಲ ಅದನ್ನು ಮುದ್ದಿಸುವ ಕೈಗಳಿಂದಲೇ ಬಂದದ್ದು.

ಪಕ್ಕದ ಮನೆಯ ಶುಲಾನ್ ಮೊಟ್ಟೆಯ ಬುಟ್ಟಿ ಹಿಡಿದು ಬಂದು ಅಂಗಳದಲ್ಲೇ ನಿಂತಳು.

"ಏನಪೋ, ಒಳಗೆ ಮಗು ಇದ್ಯೋ ಇಲ್ವೋ? ಸದ್ದೇ ಇಲ್ಲ!"

"ಸಾಧು ಮಗು ಕಣೇ. ಹಾಲಿಗೂ ರಚ್ಚೆ ಹಿಡಿಯಲ್ಲ. ನಿನ್ನ ಮೊಮ್ಮಗನ ಹಾಗೆ ಊರು ಹಾರಿಹೋಗೋ ಥರ ಅರಚೋ ಜಾತಿ ಅಲ್ಲ."

"ಅಯ್ಯೋ, ಆ ಪಿಶಾಚಿ ಸುದ್ದಿ ಎತ್ತಬೇಡಿ. ಅವನು ಹುಟ್ಟಿದಾಗಿಂದ ನಾನು ಕಣ್ಣು ಮುಚ್ಚಿಲ್ಲ!"

ಇಬ್ಬರೂ ನಕ್ಕರು. ಅಡುಗೆಮನೆಯಲ್ಲಿ ಫುಂಗ್ಮೋಯ್‌ಳ ಸೌಟು ನಿಂತುಹೋಯಿತು. ಸಾಧು ಮಗು. ಈ ಮಾತನ್ನು ಅವಳು ಹಿಂದೊಮ್ಮೆ ಕೇಳಿದ್ದಳು, ಇದೇ ಬಾಯಿಂದ, ತನ್ನ ಎರಡನೆಯ ಮಗನ ಬಗ್ಗೆ. ಅವನೂ ಅದೇ ಕೋಣೆಯಲ್ಲಿ, ಅಂಥದೇ ಕೆಂಪು ಬಟ್ಟೆಯ ಹಿಂದೆ, ಅದೇ ಹುಲಿಯಂಗಿ ತೊಟ್ಟು ಮಲಗಿದ್ದ. ಅಳಲಿಲ್ಲ, ಹಟ ಮಾಡಲಿಲ್ಲ. ಮೊಲೆ ಬಾಯಿಗಿಟ್ಟರೆ ನಿದ್ದೆಹೋಗುತ್ತಿದ್ದ. ಒಂದು ದಿನ ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಗ್ಗಿಸಿ, ಸಣ್ಣ ದನಿಯಲ್ಲಿ ಚೀರಿ, ಹೋಗಿಬಿಟ್ಟ. ಬಂದ ದಾರಿ ಹಿಡಿದ ಎಂದು ಹಿರಿಯರು ಬಟ್ಟೆಯಲ್ಲಿ ಸುತ್ತಿ ಒಯ್ದರು. ಹೆತ್ತವಳು ಅವನನ್ನು ಹಗಲ ಬೆಳಕಿನಲ್ಲಿ ಒಮ್ಮೆಯೂ ನೋಡಿರಲಿಲ್ಲ. ಈಗಲೂ ನೆನಪಿಸಿಕೊಂಡರೆ ಕಣ್ಣ ಮುಂದೆ ಬರುವುದು ಆ ಕೆಂಪು ಮುಖವೊಂದೇ.

ಸಾರಿನ ಬಟ್ಟಲು ಹಿಡಿದು ಒಳಗೆ ಹೋದಾಗ ಲಿಯುನ್ ಕೂತೇ ಇದ್ದಳು. ರವಿಕೆಯ ಎದೆ ಹಾಲಿನಿಂದ ತೊಯ್ದಿತ್ತು.

"ಅತ್ತೆ, ಎದೆ ಕಲ್ಲಾಗಿದೆ. ಬೆಳಗಿಂದ ಇವನು ಸರಿಯಾಗಿ ಚೀಪಿಲ್ಲ. ಪಾದ ಕೆರೆದ್ರೂ ಏಳಲ್ಲ."

"ಮಲಗೋ ಮಕ್ಕಳೇ ಬೆಳೆಯೋದು ಕಣಮ್ಮ." ಹಾಗೆ ಹೇಳಿದ ಫುಂಗ್ಮೋಯ್‌ಗೆ ತನ್ನ ಮಾತಿನಲ್ಲೇ ನಂಬಿಕೆ ಇರಲಿಲ್ಲ.

"ಬಸುರಿದ್ದಾಗ ಆಸ್ಪತ್ರೇಲಿ ನಮ್ಮನ್ನೆಲ್ಲ ಕೂರಿಸಿ ಹೇಳಿದ್ರು. ಹಾಲು ಬಿಟ್ಟು ಬರೀ ಮಲಗಿದ್ರೆ, ಮೈ ತಣ್ಣಗಾದ್ರೆ, ಕಾದ್ರೆ, ಉಸಿರು ಎಳೆದ್ರೆ ಒಂದು ಗಳಿಗೆನೂ ಕಾಯಬೇಡಿ ಅಂತ. ದಿನಾ ಹಗಲ ಬೆಳಕಲ್ಲಿ ಬಟ್ಟೆ ಬಿಚ್ಚಿ ನೋಡಿ, ಮೂಗಿನ ತುದಿ ಒತ್ತಿ ಬಿಟ್ರೆ ಹಳದಿ ಕಾಣುತ್ತಾ ನೋಡಿ ಅಂದ್ರು. ಈ ಕೆಂಪು ದೀಪದಲ್ಲಿ ಏನು ನೋಡ್ಲಿ ನಾನು? ಒಂದೇ ಒಂದ್ಸಲ ಆ ಬಟ್ಟೆ ಸರಿಸಿ ಅತ್ತೆ."

ಬಾಗಿಲಿಂದ ಅಪೋಳ ದನಿ ಬಂತು. "ಬಟ್ಟೆಗೆ ಕೈ ಹಚ್ಚಿದ್ರೆ ನೋಡು! ಗಾಳಿ ಹೊಕ್ಕರೆ ಮುದುಕಿಯಾಗೋ ತನಕ ಮೂಳೆ ಮೂಳೆ ನೋಯುತ್ತೆ ನಿಂಗೆ. ಆಸ್ಪತ್ರೆಯೋರು ಹೆದರೋದೊಂದನ್ನ ಚೆನ್ನಾಗಿ ಕಲಿಸಿದ್ದಾರೆ."

"ಅಪೋ, ಏಳನೇ ತಿಂಗಳಲ್ಲಿ ನನ್ನ ಮುಖ ಊದಿ, ಕಣ್ಣು ಮಂಜಾಗಿ ತಲೆ ಸಿಡೀತಿತ್ತಲ್ಲ, ಅವತ್ತು ಹೆದರಿ ಓಡಿಹೋಗಿದ್ದಕ್ಕೇ ನಾವಿಬ್ಬರೂ ಉಳಿದ್ವಿ."

"ಬಸುರಿ ಮುಖ ಊದದೆ ಇನ್ನಾರದು ಊದುತ್ತೆ? ನಾನು ಎಂಟು ಹೆತ್ತೋಳು. ನನಗೆ ಹೇಳಿಕೊಡ್ತೀಯಾ?"

ಎಂಟು ಹೆತ್ತವಳಿಗೆ ಉಳಿದವರು ಮೂರೇ ಜನ. ಆ ಲೆಕ್ಕವನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಫುಂಗ್ಮೋಯ್ ಮಗುವಿನ ಕೊಳೆಬಟ್ಟೆಗಳ ಬುಟ್ಟಿ ಎತ್ತಿಕೊಂಡು ಬಾವಿಯ ಕಡೆ ನಡೆದಳು.

ಒಗೆಯುವ ಕಲ್ಲಿನ ಮೇಲೆ ಬಿಸಿಲು ಬಿದ್ದಿತ್ತು. ಬಿಳಿಯ ಬಟ್ಟೆಯೊಂದನ್ನು ಬಿಡಿಸಿ ಹರವಿದವಳು ಬಗ್ಗಿದಲ್ಲೇ ಉಳಿದಳು. ಮಗುವಿನ ಉಚ್ಚೆ ನೀರಿನಂತೆ ತಿಳಿಯಾಗಿ ಇರಬೇಕಿತ್ತು. ಬಟ್ಟೆಯ ಮೇಲಿದ್ದ ಕಲೆ ಕಡು ಚಹಾದ ಬಣ್ಣದ್ದು. ಇನ್ನೊಂದು ಬಿಡಿಸಿದಳು, ಅದೂ ಹಾಗೇ. ಒಗೆಯಲಿಲ್ಲ. ಬಟ್ಟೆಯನ್ನು ಮುದುರಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಓಡುತ್ತಾ ಹಿಂದಿರುಗಿ, ಅಪೋಳನ್ನು ದಾಟಿ ಕೋಣೆಗೆ ನುಗ್ಗಿದವಳೇ ಕಿಟಕಿಯ ಕೆಂಪು ಬಟ್ಟೆಯನ್ನು ಎರಡೂ ಕೈಯಿಂದ ಎಳೆದುಬಿಟ್ಟಳು. ಮೊಳೆಗಳು ಕಿತ್ತುಬಂದು ನೆಲಕ್ಕೆ ಬಿದ್ದವು.

ಬೆಳಕು ಹಾಸಿಗೆಯ ತುಂಬ ಬಿತ್ತು. ಕೆಂಪು ಮಗು ಅಲ್ಲಿರಲಿಲ್ಲ. ಅಂಗಿಯನ್ನು ಮೇಲೆತ್ತಿದಳು. ಅಲ್ಲಿದ್ದದ್ದು ಮುಖ, ಎದೆ, ಹೊಟ್ಟೆ, ಕೊನೆಗೆ ಅಂಗಾಲೂ ಅರಿಶಿನ ಬಳಿದಂತೆ ಹಳದಿಗಟ್ಟಿದ ಒಂದು ಮಗು. ರೆಪ್ಪೆ ಬಿಡಿಸಿದರೆ ಕಣ್ಣಿನ ಬಿಳಿಯೂ ಹಳದಿ. ಲಿಯುನ್ ಬಾಯಿಗೆ ತೋಳು ಒತ್ತಿಕೊಂಡಳು.

ಫುಂಗ್ಮೋಯ್ ಮಗುವನ್ನು ಎತ್ತಿ ಎದೆಗವಚಿಕೊಂಡು ಬಾಗಿಲಿಗೆ ಬಂದಳು. ಅಪೋ ಎದ್ದು ನಿಂತು ಊರುಗೋಲನ್ನು ಬಾಗಿಲಿಗೆ ಅಡ್ಡ ಹಿಡಿದಿದ್ದಳು.

"ಎಲ್ಲಿಗೆ? ತಿಂಗಳಾಗದ ಮಗುನ ಬೀದಿಗೆ ತಗೊಂಡು ಹೋಗ್ತೀಯಾ? ನಿನಗೇನು ತಲೆ ಕೆಟ್ಟಿದ್ಯಾ ಮೋಯ್?"

"ಅಮ್ಮಾ, ಕೋಲು ತೆಗೀರಿ."

"ಮಗುಗೆ ಏನಾದ್ರೂ ಆದ್ರೆ..."

"ಆಗ್ತಾ ಇದೆ ಅಮ್ಮಾ! ನೋಡಿ ಇಲ್ಲಿ." ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ ಬಟ್ಟೆಯನ್ನು ತೆಗೆದು ಆಕೆಯ ಕೈಗಿಟ್ಟಳು. "ನೀವು ಸಾಕಿದ ಕೂಸು ನಾನು. ಇಷ್ಟು ವರ್ಷ ನೀವು ಹೇಳಿದ್ದಕ್ಕೆಲ್ಲ ಹೂಂ ಅಂದಿದ್ದೀನಿ. ಇವತ್ತು ಅನ್ನಲ್ಲ. ಒಬ್ಬನ್ನ ಹಾಗೆ ಕಳಿಸಿಕೊಟ್ಟೆ, ಇವನನ್ನ ಕಳಿಸಲ್ಲ."

ಅಪೋ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಮಾತಾಡಿದಾಗ ದನಿಯಲ್ಲಿ ಗದರಿಕೆ ಇರಲಿಲ್ಲ.

"ಅವನ ಬಟ್ಟೆನೂ ಹೀಗೇ ಇತ್ತು. ನಾನೇ ಒಗೆದೆ. ಎಷ್ಟು ಉಜ್ಜಿದ್ರೂ ಕಲೆ ಹೋಗಲಿಲ್ಲ." ಕೋಲು ತಾನಾಗಿ ಕೆಳಗಿಳಿಯಿತು. "ಹೋಗು. ಆ ಹುಡುಗಿಗೂ ಏನಾದ್ರೂ ಹೊದಿಸಿ ಕರ್ಕೊಂಡು ಹೋಗು. ಹಾಲು ಬೇಕಲ್ಲ ಅವನಿಗೆ. ಶುಲಾನ್! ನಿನ್ನ ಮಗನಿಗೆ ಗಾಡಿ ತೆಗೆಯೋಕೆ ಹೇಳೇ!"

ಚಕ್ಕೋತ ಸಾಗಿಸುವ ಮೂರು ಗಾಲಿಯ ಗಾಡಿಯಲ್ಲಿ, ಹಣ್ಣಿನ ಬುಟ್ಟಿಗಳ ನಡುವೆ ಕೂತು ಅವರು ತಾಲ್ಲೂಕು ಆಸ್ಪತ್ರೆ ಸೇರಿದರು. ಮಗುವನ್ನು ಎತ್ತಿಕೊಂಡ ವೈದ್ಯೆ ಮೊದಲು ನೋಡಿದ್ದು ಮೈಯನ್ನಲ್ಲ, ಮೂಸಿದ್ದು ಅಂಗಿಯನ್ನು.

"ಡಾಂಬರು ಗುಳಿಗೆನಾ? ಮೊದಲು ಇದನ್ನ ಬಿಚ್ಚಿ. ಈ ಸೀಮೆಯ ಎಷ್ಟೋ ಗಂಡುಮಕ್ಕಳ ರಕ್ತಕ್ಕೆ ಇದು ಆಗಿಬರಲ್ಲ. ವಾಸನೆಗೇ ರಕ್ತ ಒಡೆಯುತ್ತೆ, ಮೈ ಹಳದಿಯಾಗುತ್ತೆ, ಹಳದಿ ತಲೆಗೇರಿದ್ರೆ ಮಗು ಉಳಿಯಲ್ಲ."

"ದಿನಾ ಬಿಸಿಲಿಗೆ ಹಿಡಿದ್ರೆ ಸಾಕಾಗ್ತಿತ್ತಾ ಡಾಕ್ಟ್ರೇ?" ಎಂದಳು ಫುಂಗ್ಮೋಯ್.

"ಇಷ್ಟಾದ ಮೇಲೆ ಬಿಸಿಲು ಸಾಲಲ್ಲಮ್ಮ. ಬಿಸಿಲಿರೋದು ನೋಡೋಕೆ. ನೋಡಿದ ತಕ್ಷಣ ಇಲ್ಲಿಗೆ ಬರಬೇಕು. ನೀವು ಬಂದ್ರಲ್ಲ."

ಮಗುವಿಗೆ ಬೇರೆ ರಕ್ತ ಕೊಟ್ಟರು. ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಬರಿಮೈಯಲ್ಲಿ ಮಲಗಿಸಿದರು. ಗಾಜಿನಾಚೆ ಅತ್ತೆ ಸೊಸೆ ಒಬ್ಬರ ಕೈ ಒಬ್ಬರು ಹಿಡಿದು ಕೂತರು. ಲಿಯುನ್ ಹಾಲು ಹಿಂಡಿ ಕೊಡುವುದು, ದಾದಿ ಹನಿಹನಿಯಾಗಿ ಕುಡಿಸುವುದು, ಇದೇ ನಡೆಯಿತು. ಮಗು ಕೈಕಾಲು ಆಡಿಸದೆ ಬಿದ್ದಿತ್ತು. ಮರುದಿನ ಮಧ್ಯಾಹ್ನ, ದಾದಿ ಸೂಜಿ ಚುಚ್ಚಿದಾಗ, ಅದು ಮುಖ ಕಿವುಚಿ ಒಂದು ಸಲ ಕಿರುಚಿತು. ನಿಲ್ಲಿಸಲಿಲ್ಲ. ವಾರ್ಡೆಲ್ಲ ತಿರುಗಿ ನೋಡುವಂತೆ ಅಳತೊಡಗಿತು. ಲಿಯುನ್ ಅತ್ತೆಯ ಹೆಗಲಿಗೆ ತಲೆಯಿಟ್ಟು ತಾನೂ ಅತ್ತಳು. ಫುಂಗ್ಮೋಯ್ ನಗುತ್ತಾ ಕಣ್ಣೊರೆಸಿಕೊಂಡಳು.

ಮಗುವನ್ನು ಮನೆಗೆ ತಂದ ದಿನ ಕೆಂಪು ಬಟ್ಟೆ ಮತ್ತೆ ಕಿಟಕಿಗೆ ಏರಿರುತ್ತದೆಂದು ಫುಂಗ್ಮೋಯ್ ಅಂದುಕೊಂಡಿದ್ದಳು. ಕಿಟಕಿ ಬರಿದಾಗಿತ್ತು. ಮೊಳೆಯ ತೂತುಗಳಿಗೂ ಯಾರೋ ಮಣ್ಣು ಮೆತ್ತಿದ್ದರು. ಅಪೋ ಹಾಸಿಗೆಯ ಅಂಚಿಗೆ ಕೂತು ಕೇಳಿದಳು:

"ಅಂಗಿ ಎಲ್ಲಿ?"

ಫುಂಗ್ಮೋಯ್ ವೈದ್ಯೆ ಹೇಳಿದ್ದನ್ನು ಮುಚ್ಚಿಡದೆ ಹೇಳಿದಳು. ಅಪೋ ತನ್ನ ಅಂಗೈಗಳನ್ನು ನೋಡುತ್ತಾ ಕೂತಳು.

"ಅವನಿಗೂ ನಾನೇ ತೊಡಿಸಿದ್ದೆ, ಅಲ್ವೇನೇ."

"ಪ್ರೀತಿಯಿಂದ ತೊಡಿಸಿದ್ರಿ ಅಮ್ಮಾ."

"ಪ್ರೀತಿ ಇದ್ರೆ ಸಾಕಾ? ಮಗುನ ಒಂದ್ಸಲ ಬೆಳಕಿಗೆ ಹಿಡಿದು ನೋಡಬೇಕಿತ್ತು." ಮುದುಕಿಯ ಕೆನ್ನೆ ಒದ್ದೆಯಾಗಿತ್ತು. ಫುಂಗ್ಮೋಯ್ ಪಕ್ಕದಲ್ಲಿ ಕೂತು, ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ ಆಕೆಯ ತೋಳಿಗೆ ಒರಗಿದಳು.

ಅಷ್ಟರಲ್ಲಿ ಮಗು ಹಸಿದು ಗಂಟಲು ಬಿಟ್ಟಿತು. ಗೋಡೆಯಾಚೆಯಿಂದ ಶುಲಾನ್ ಕೂಗಿದಳು.

"ಏನಪೋ, ನಿಮ್ಮ ಸಾಧು ಮಗುಗೆ ಏನಾಯ್ತು? ನಮ್ಮನೇ ಹಂಚು ಹಾರಿಹೋಗ್ತಿದೆ!"

"ಹಾರಿಹೋಗ್ಲಿ ಬಿಡೇ!" ಅಪೋ ಕಣ್ಣೊರೆಸಿಕೊಂಡು ಎದ್ದಳು. "ಸಾಧು ಮಗು ನಮಗೆ ಬೇಡ. ಊರಲ್ಲಿ ಯಾರ ಮನೇಲಾದ್ರೂ ಸದ್ದಿಲ್ಲದೆ ಮಲಗಿರೋ ಕೂಸು ಇದ್ರೆ ಬಂದು ಹೇಳು. ನಾನೇ ಹೋಗಿ ಕಿಟಕಿ ಬಟ್ಟೆ ಕೀಳ್ತೀನಿ."

ಮಗು ಇನ್ನೂ ಜೋರಾಗಿ ಅತ್ತಿತು. ಲಿಯುನ್ ಹಾಲಿಗೆ ಎತ್ತಿಕೊಳ್ಳುವ ಮೊದಲು ಫುಂಗ್ಮೋಯ್ ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಮೂಗಿನ ತುದಿಯನ್ನು ಬೆರಳಿಂದ ಒತ್ತಿ ಬಿಟ್ಟು, ತನ್ನ ಮೊಮ್ಮಗನ ನಿಜವಾದ ಬಣ್ಣವನ್ನು ಕಣ್ತುಂಬ ನೋಡಿದಳು.